ಅಚ್ಚೇರಿಗೆ ಪಾವು ಸೇರಿಸಿದರೆ ಎಷ್ಟು?

ತೀರ್ಥಹಳ್ಳಿ ಕಡೆಯ ಒಂದು ಚಿಕ್ಕ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಭಿನ್ನರಾಶಿ ಶುರುವಾದರೆ ಪ್ರತಿ ವರ್ಷ ಅದೇ ತಪ್ಪು: 1/2 + 1/4 = 2/6. ಮೇಲಿನವನ್ನು ಮೇಲೆ, ಕೆಳಗಿನವನ್ನು ಕೆಳಗೆ ಕೂಡಿಸಿಬಿಡುತ್ತಾರೆ.

ಮೊದಮೊದಲು ನಾನು ಹಿಡಿದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ದಾರಿ. 1953ರಲ್ಲಿ ಅವರು ಮಗಳ ಗಣಿತದ ತರಗತಿಗೆ ಹೋಗಿ ಕೂತಿದ್ದರು. ಮಾಡಿದ ಲೆಕ್ಕ ಸರಿಯೋ ತಪ್ಪೋ ಮಕ್ಕಳಿಗೆ ಆಗಲೇ ಗೊತ್ತಾಗುತ್ತಿರಲಿಲ್ಲ. ಅದನ್ನು ನೋಡಿಯೇ ಅವರು ಕಲಿಸುವ ಯಂತ್ರದ ಕೆಲಸಕ್ಕೆ ಕೈ ಹಾಕಿದ್ದು. ನಾನೂ ಲೆಕ್ಕವನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿದೆ, ಅಲ್ಲಲ್ಲೇ ತಿದ್ದಿದೆ, ಶಹಬ್ಬಾಸ್ ಅಂದೆ. ಮಗ್ಗಿಗೆ ಇದು ಚೆನ್ನಾಗಿ ಹಿಡಿಯಿತು. ಈಗಲೂ ಬಿಟ್ಟಿಲ್ಲ. ಆದರೆ ಭಿನ್ನರಾಶಿಯನ್ನು ಸರಿಯಾಗಿ ಮಾಡುತ್ತಿದ್ದವರೇ ದಸರಾ ರಜೆ ಮುಗಿಸಿ ಬಂದು ಮತ್ತೆ 2/6 ಬರೆದರು. ಅವತ್ತು ತುಂಬಾ ಬೇಜಾರಾಯಿತು.

ಆಗ ಮಕ್ಕಳ ಯೋಚನೆ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆಯನ್ನು ಮತ್ತೆ ಓದಿದೆ. ಪ್ಯಾರಿಸ್ಸಿನಲ್ಲಿ ಮಕ್ಕಳಿಗೆ ಬುದ್ಧಿಪರೀಕ್ಷೆ ಮಾಡುತ್ತಿದ್ದಾಗ ಅವರನ್ನು ಹಿಡಿದು ನಿಲ್ಲಿಸಿದ್ದು ತಪ್ಪು ಉತ್ತರಗಳು. ತಪ್ಪಿನ ಹಿಂದೆಯೂ ಮಗುವಿನದೇ ಒಂದು ಲೆಕ್ಕಾಚಾರ ಇರುತ್ತದೆ, ಅಲ್ವಾ?

ಮನೆಯಿಂದ ಸೇರು, ಅಚ್ಚೇರು (ಅರ್ಧ ಸೇರು), ಪಾವು (ಕಾಲು ಸೇರು), ಜೊತೆಗೆ ಅಕ್ಕಿ ತೆಗೆದುಕೊಂಡು ಹೋದೆ. ಸೇರಿಗೆ ಅಚ್ಚೇರು ಅಕ್ಕಿ ಹಾಕಿ, ಮೇಲೊಂದು ಪಾವು ಸುರಿದೆ. "ಮುಕ್ಕಾಲು ಸೇರು!" ಎಂದು ಎಲ್ಲರೂ ಕೂಗಿದರು. ಬೋರ್ಡಿನ ಮೇಲೆ ಅವರದೇ 2/6 ಇತ್ತು. ಕಾಗದದ ಪಟ್ಟಿಯನ್ನು ಆರು ಮಡಿಕೆ ಮಾಡಿ ಎರಡು ಮಡಿಕೆ ತೋರಿಸಿದೆ. ಅದು ಅರ್ಧಕ್ಕಿಂತ ಚಿಕ್ಕದು.

ಹಿಂದಿನ ಸಾಲಿನ ಹುಡುಗಿ ಕೇಳಿದಳು: "ಟೀಚರ್, ಹಾಕಿದ ಮೇಲೆ ಕಮ್ಮಿ ಆಗೋದು ಹೆಂಗೆ?"

ನಾನು ಉತ್ತರ ಹೇಳಲಿಲ್ಲ. ಇದ್ದ ತಿಳಿವಳಿಕೆಗೂ ಕಂಡದ್ದಕ್ಕೂ ತಾಳೆಯಾಗದೆ ಹುಟ್ಟುವ ಈ ಕಸಿವಿಸಿಯೇ ಮಗುವನ್ನು ಮುಂದಕ್ಕೆ ತಳ್ಳುತ್ತದೆ ಅನ್ನುತ್ತಾರೆ ಪಿಯಾಜೆ.

ಆದರೆ ಎಲ್ಲರೂ ತಾವಾಗಿಯೇ ದಾಟಲಿಲ್ಲ. ನಾಲ್ಕೈದು ಮಕ್ಕಳು ಸುಮ್ನೆ ಕೂತಿದ್ದರು. ಒಬ್ಬನೇ ಮಾಡಲಾಗದ್ದನ್ನು ಮಗು ಸ್ವಲ್ಪ ಬಲ್ಲವರ ಜೊತೆ ಸೇರಿ ಮಾಡಬಲ್ಲದು ಅಂದವರು ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ. ಅದಕ್ಕೇ ಜೋಡಿ ಮಾಡಿ ಕೂರಿಸಿದೆ. ಒಬ್ಬ ಹುಡುಗ ಪಕ್ಕದವನಿಗೆ ಹೇಳಿದ ಮಾತು ಕಿವಿಗೆ ಬಿತ್ತು: "ಅಚ್ಚೇರು ಅಂದ್ರೆ ಎರಡು ಪಾವು ಕಣೋ. ಎಲ್ಲಾ ಪಾವಲ್ಲೇ ಎಣಿಸು."

ಛೇದ ಸಮ ಮಾಡುವುದು ಅಂದರೆ ಇದೇ! ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಹಿಡಿದು ನಾನು ಎಷ್ಟೋ ಪಿರಿಯಡ್ ಹೇಳಿದ್ದನ್ನು ಅವನು ಎರಡು ಮಾತಲ್ಲಿ ಹೇಳಿ ಮುಗಿಸಿದ್ದ.

ಮರುದಿನ 1/2 + 1/3 ಕೊಟ್ಟೆ. ಹಿಂದಿನ ಸಾಲಿನ ಅದೇ ಹುಡುಗಿ ಪಾವನ್ನು ತಿರುಗಿಸಿ ನೋಡಿ ಕೆಳಗಿಟ್ಟಳು. "ಇದಕ್ಕೆ ಬೇರೆ ಪಾವು ಬೇಕು ಟೀಚರ್" ಅಂದಳು. ಆಮೇಲೆ ಕಾಗದದ ಪಟ್ಟಿ ತೆಗೆದುಕೊಂಡು ತಾನೇ ಆರು ಮಡಿಕೆ ಮಾಡತೊಡಗಿದಳು.