ಕಥೆಯ ನೀತಿ ಯಾರಿಗೆ?

ನಮ್ಮ ಅಪಾರ್ಟ್‌ಮೆಂಟ್ ಲೈಬ್ರರಿಲಿ ಭಾನುವಾರ ಮಕ್ಕಳಿಗೆ ಕಥೆ ಹೇಳ್ತೀನಿ. ಕಥೆ ಮುಗೀತಿದ್ದಂಗೆ "ಆಂಟಿ, ನೀತಿ ಏನು?" ಅಂತ ಕೇಳ್ತಾರೆ, ಸ್ಕೂಲಲ್ಲಿ ರೂಢಿಯಾಗಿರುತ್ತಲ್ಲ, ಅದಕ್ಕೇ ರೆಡ್ ರೈಡಿಂಗ್ ಹುಡ್ (ಕೆಂಪು ಟೋಪಿ ಹುಡುಗಿ, ತೋಳದ ಕಥೆ) ತಗೊಂಡಾಗ ನೀತೀನೇ ಚರ್ಚೆಗೆ ಇಟ್ಟೆ.

ಮೊದ್ಲು ತೋರಿಸಿದ್ದು ಫ್ರೆಂಚ್ ಚಿತ್ರಕಾರ ಗುಸ್ತಾವ್ ಡೊರೆ, ಪೆರೋ ಕಥೆಗಳ 1862ರ ಫ್ರೆಂಚ್ ಪುಸ್ತಕಕ್ಕೆ ಬರೆದ ಚಿತ್ರ, ಹಳೇದಾದ್ರಿಂದ ಕಾಪಿರೈಟ್ ತೊಂದ್ರೆ ಇಲ್ಲ, ದೊಡ್ಡದಾಗಿ ಪ್ರಿಂಟ್ ಹಾಕಿಸ್ಕೊಂಡೆ. ಅಜ್ಜಿ ಟೋಪಿ ಹಾಕ್ಕೊಂಡ ತೋಳ ಹಾಸಿಗೇಲಿದೆ, ಪಕ್ಕದಲ್ಲೇ ಹುಡುಗಿ, ಹೊದಿಕೆ ಎಳ್ಕೊಂಡು ಅದನ್ನೇ ನೋಡ್ತಿದಾಳೆ. "ಅವಳಿಗೆ ಗೊತ್ತಾಗೋಗಿದೆ ಆಂಟಿ, ಎದ್ದು ಓಡಕ್ಕಾಗ್ತಿಲ್ಲ" ಅಂದ ಒಬ್ಬ.

ಆಮೇಲೆ ಕಥೆ, 1697ರಲ್ಲಿ ಫ್ರೆಂಚ್ ಲೇಖಕ ಶಾರ್ಲ್ ಪೆರೋ ಬರೆದಂಗೇ. ಅಮ್ಮ ಕೇಕು, ಬೆಣ್ಣೆ ಕೊಟ್ಟು ಹುಡುಗೀನ ಅಜ್ಜಿ ಮನೆಗೆ ಕಳಿಸ್ತಾಳೆ, ತೋಳದ ಬಗ್ಗೆ ಒಂದು ಮಾತೂ ಹೇಳಲ್ಲ. ತೋಳದ ಮಾತಿಗೆ ನಿಲ್ಲೋದು ಅಪಾಯ ಅಂತ ಪಾಪ ಆ ಮಗೂಗೆ ಗೊತ್ತಿರಲಿಲ್ಲ ಅಂತ ಕಥೇಲೇ ಇದೆ. ತೋಳ ಮೊದ್ಲು ಅಜ್ಜೀನ, ಆಮೇಲೆ ಹುಡುಗೀನ ತಿಂದುಬಿಡುತ್ತೆ, ಬಿಡಿಸೋರು ಯಾರೂ ಬರಲ್ಲ, ಅಲ್ಲಿಗೆ ಕಥೆ ಮುಗೀತು. ಕೊನೇಲಿರೋ ನೀತಿ ಪದ್ಯ ಮಾತ್ರ ಹೆಣ್ಣುಮಕ್ಕಳಿಗೇ ಬುದ್ಧಿ ಹೇಳುತ್ತೆ, ಕಂಡಕಂಡೋರ ಮಾತು ಕೇಳ್ಬೇಡಿ, ನಯವಾಗಿ ಮಾತಾಡ್ತಾ ಮನೆವರೆಗೂ ಹಿಂದೆ ಬರೋ ತೋಳಗಳೇ ಜಾಸ್ತಿ ಅಪಾಯ ಅಂತ.

ಇದೇ ಕಥೇನ ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಹೇಳಿದಾರೆ, ಅದರಲ್ಲಿ ಬೇಟೆಗಾರ ಬಂದು ಉಳಿಸ್ತಾನೆ. ಆದ್ರೆ ಅಲ್ಲಿ ಅಮ್ಮ ಮೊದ್ಲೇ ದಾರಿ ಬಿಡ್ಬೇಡ ಅಂದಿರ್ತಾಳೆ, ಕೊನೇಲಿ ಹುಡುಗಿ ಅಮ್ಮ ಬೇಡ ಅಂದ್ಮೇಲೆ ಇನ್ಯಾವತ್ತೂ ದಾರಿ ಬಿಡಲ್ಲ ಅಂದ್ಕೋತಾಳೆ. ಅಂದ್ರೆ ಗಂಡಸರ ನಯವಾದ ಮಾತಿನ ಬಗ್ಗೆ ಇದ್ದ ಎಚ್ಚರಿಕೆ ಇಲ್ಲಿ ಅಮ್ಮನ ಮಾತು ಮೀರಬೇಡ ಅಂತಾಗಿದೆ.

ಎರಡೂ ಹೇಳಿ, ತಪ್ಪು ಯಾರ್ದು ಅಂತ ಕೇಳ್ದೆ. ಒಂದು ಹುಡುಗಿ ಪೆರೋ ಕಥೆ ಬಗ್ಗೆ "ಅವಳಿಗೆ ಯಾರೂ ಹೇಳೇ ಇಲ್ವಲ್ಲ, ಮತ್ತೆ ಅವಳ ತಪ್ಪು ಹೆಂಗಾಗುತ್ತೆ?" ಅಂದ್ಲು. ಸರಿ, ನೀತಿ ಯಾರಿಗೆ ಹೇಳ್ಬೇಕೋ ನೀವೇ ಬರೀರಿ ಅಂದೆ. ಅಮ್ಮನಿಗೆ ಬರೆದೋರೇ ಜಾಸ್ತಿ, ತೋಳಕ್ಕೆ ಬರೆದೋರೂ ಇದ್ರು.

ಒಬ್ರು ಪೇರೆಂಟ್ ಕೇಳಿದ್ರು, ಅಪರಿಚಿತರ ಬಗ್ಗೆ ಹುಷಾರಾಗಿರಿ ಅಂತ ಹೇಳ್ಬೇಕಲ್ವಾ ಅಂತ. ಖಂಡಿತ ಹೇಳ್ಬೇಕು, ಹೇಳ್ತೀನಿ, ಆದ್ರೆ ಬೇರೆಯಾಗಿ, ನೇರವಾಗಿ: ಯಾರಾದ್ರೂ ಹಿಂದೆ ಬಂದ್ರೆ, ಮುಟ್ಟಿದ್ರೆ, ನಮ್ಮ ಹತ್ರ ಬಂದು ಹೇಳಿ, ನಾವು ಬೈಯಲ್ಲ. ತಿಂದ ತೋಳಾನ ಬಿಟ್ಟು ಸತ್ತ ಹುಡುಗೀನೇ ದೂರೋ ಕಥೆ ಕೇಳ್ಕೊಂಡು ಬೆಳೆದ ಮಗು, ನಾಳೆ ತನಗೇನಾದ್ರೂ ಆದ್ರೆ ತನ್ನದೇ ತಪ್ಪು ಅಂತ ಮುಚ್ಚಿಡುತ್ತೆ, ನನಗಿರೋ ಭಯ ಅದೇ.

ದೊಡ್ಡ ಮಕ್ಕಳಿಗೆ ಪೆರೋನ ಅದೇ ಪುಸ್ತಕದ ನೀಲಿಗಡ್ಡದವನ ಕಥೆ ತಗೋತೀನಿ, ಗಂಡ ಬೀಗದ ಕೈ ಕೊಟ್ಟು ತೆಗೀಬೇಡ ಅಂದ ಕೋಣೇನ ಹೆಂಡ್ತಿ ತೆಗೆಯೋ ಕಥೆ. ಮೊದಲಿನ ಹೆಂಡ್ತೀರ್ನ ಕೊಂದವನು ಗಂಡ, ಕೊನೇಲಿ ಬರೋ ಮೊದಲ ನೀತಿ ಇರೋದು ಹೆಂಡ್ತಿ ಕುತೂಹಲದ ಮೇಲೆ. ಡೊರೆ ಚಿತ್ರದಲ್ಲೂ ಅವಳ ಕಣ್ಣು ಬೀಗದ ಕೈ ಮೇಲೇ ಇದೆ. ಅಲ್ಲೂ ಕೇಳೋದು ಅದೇ ಪ್ರಶ್ನೆ.