ಕಾಯಿಸುವ ಪಾತ್ರೆಗಳು

ನಮ್ಮ ಹಾಲ್‌ನ ಮೂಲೆಯಲ್ಲಿ ಎರಡು ವರ್ಷ ಒಂದು ಬುದ್ಧನ ತಲೆ ಇತ್ತು. ಅದರ ಹಿಂದಿನಿಂದ ನೀರು ಹರಿದು ಕೆಳಗಿನ ತೊಟ್ಟಿಗೆ ಬೀಳುತ್ತಿತ್ತು. ಒಳಗೆ ನೀಲಿ ಲೈಟು. ಬೆಲೆ 1,900 ರೂಪಾಯಿ. ಗದಗದಿಂದ ಬಂದ ಅವ್ವ ಅದನ್ನು ಮೊದಲ ಸಲ ನೋಡಿ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದಳು: "ಬರೇ ತಲಿ ಐತಲ್ಲವಾ, ಮೈ ಎಲ್ಲಿ ಹೋತು?"

2020ರಿಂದ ನಾನು ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಆಫೀಸು ಮನೆಯೊಳಗೇ ಬಂದು ಕೂತ ಮೇಲೆ ಬೆಳಿಗ್ಗೆ ಯಾವಾಗ ಶುರುವಾಯಿತು, ಸಂಜೆ ಯಾವಾಗ ಮುಗಿಯಿತು ಅನ್ನುವುದೇ ತಿಳಿಯುತ್ತಿರಲಿಲ್ಲ. ಕಣ್ಣು ಬಿಟ್ಟರೆ ಫೋನು, ಮುಚ್ಚುವ ತನಕ ಫೋನು. ಮನೆಯಲ್ಲಿ ಒಂದು ಶಾಂತವಾದ ಮೂಲೆ ಮಾಡಿಕೋ ಎಂದು ಗೆಳತಿ ಹೇಳಿದಳು. ನಾನು ಮೂಲೆ ಮಾಡುವ ಬದಲು ಸಾಮಾನು ತರಿಸಿದೆ. ಬುದ್ಧನ ಕಾರಂಜಿ, ಬಡಿದರೆ ಗುಂಯ್ ಅನ್ನುವ ಟಿಬೆಟಿನ ಬಟ್ಟಲು, ಸುವಾಸನೆಯ ಹಬೆ ಬಿಡುವ ಕರೆಂಟಿನ ಡಬ್ಬಿ, ಹೊಸ ಚಪ್ಪಲಿ ವಾಸನೆಯ ಯೋಗ ಮ್ಯಾಟು. ಕಾರಂಜಿಯ ಪಂಪು ಗುರ್ ಅನ್ನುತ್ತಿತ್ತು. ವಾರಕ್ಕೊಮ್ಮೆ ನೀರು ಬದಲಿಸದಿದ್ದರೆ ಪಾಚಿ. ನೆಮ್ಮದಿಗೆಂದು ತಂದ ಸಾಮಾನು ಒರೆಸುವುದೇ ಒಂದು ಕೆಲಸವಾಯಿತು.

ದಾರಿ ತೋರಿಸಿದ್ದು ಅಟ್ಟದ ಮೇಲಿದ್ದ ಅತ್ತೆಯ ಹಳೆಯ ಸ್ಟೀಲ್ ಕಾಫಿ ಫಿಲ್ಟರ್. ಒಂದು ಬೆಳಿಗ್ಗೆ ಇನ್‌ಸ್ಟಂಟ್ ಪುಡಿ ಮುಗಿದಿತ್ತು. ಪಕ್ಕದ ಮನೆಯಿಂದ ಫಿಲ್ಟರ್ ಕಾಫಿಪುಡಿ ಇಸಕೊಂಡು ಬಂದೆ. ಪುಡಿ ಹಾಕಿ, ಮೇಲೆ ಹಿಡಿಯಿರುವ ಬಿಲ್ಲೆ ಇಟ್ಟು, ಕುದಿ ನೀರು ಸುರಿದು ಮುಚ್ಚಳ ಮುಚ್ಚಿದೆ. ಇನ್ನು ಕಾಯಬೇಕು. ಫೋನು ಒಳಗೆ ಚಾರ್ಜಿಗಿತ್ತು. ಡಿಕಾಕ್ಷನ್ ಇಳಿಯುವ ಆ ಇಪ್ಪತ್ತು ನಿಮಿಷ ಅಡುಗೆಮನೆ ಕಿಟಕಿಯ ಹತ್ತಿರ ನಿಂತು ಹೊಂಗೆಮರ ನೋಡಿದೆ. ಆ ಮರದಲ್ಲಿ ಅಳಿಲಿನ ಗೂಡಿದೆ ಅನ್ನುವುದು ಎಂಟು ವರ್ಷ ಆ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ಹಾಲು ಕಾಯಿಸುವುದಕ್ಕೂ ಮನುಷ್ಯರನ್ನು ಕಾಯಿಸುವುದಕ್ಕೂ ಕನ್ನಡದಲ್ಲಿ ಒಂದೇ ಮಾತು, ಅಲ್ವಾ? ಬುದ್ಧನ ಕಾರಂಜಿ ನನ್ನನ್ನು ಕಾಯಿಸುತ್ತಿರಲಿಲ್ಲ. ಸ್ವಿಚ್ ಒತ್ತಿದರೆ ಶುರು, ನಾನಿದ್ದರೂ ಇಲ್ಲದಿದ್ದರೂ ಅದು ಹರಿಯುತ್ತಲೇ ಇತ್ತು. ಫಿಲ್ಟರ್ ಹಾಗಲ್ಲ. ಮೊದಲು ಎರಡು ನಿಮಿಷ ಕೈಗೆ ಕೆಲಸ ಕೊಡುತ್ತದೆ. ಆಮೇಲೆ ಕಾಯಿಸುತ್ತದೆ. ಕೊನೆಗೆ ತಾನಾಗಿಯೇ ಮುಗಿಯುತ್ತದೆ. ಟೈಮರ್ ಬೇಡ, ಅಂದರೆ ಫೋನು ಬೇಡ. ಅಲ್ಲಿಂದ ಮುಂದೆ ಏನೇ ಕೊಳ್ಳುವಾಗಲೂ ಈ ಮೂರನ್ನೇ ನೋಡುತ್ತಾ ಬಂದೆ.

ಕಾಫಿಯ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಾನು ಹೆಚ್ಚು ತಪ್ಪು ಮಾಡಿದ್ದು ಅಲ್ಲೇ. ಪುಡಿ ತೀರಾ ನುಣ್ಣಗಿದ್ದರೆ ತೂತು ಕಟ್ಟಿಕೊಂಡು ಹನಿಯೇ ಬೀಳುವುದಿಲ್ಲ. ತರಿಯಾಗಿದ್ದರೆ ಐದೇ ನಿಮಿಷಕ್ಕೆ ನೀರು ಸರ್ ಅಂತ ಇಳಿದು ಬಣ್ಣದ ನೀರು ಸಿಗುತ್ತದೆ. ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿ ನೀರು ಹಿಡಿದುಕೊಳ್ಳುತ್ತದೆ, ಹಾಗಾಗಿ ಅದು ಜಾಸ್ತಿ ಇದ್ದಷ್ಟೂ ನಿಧಾನ. ನಮ್ಮ ದೇಶದ ನಿಯಮದ ಪ್ರಕಾರ ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ 49 ಭಾಗದ ತನಕ ಇರಬಹುದು, ಆದ್ದರಿಂದ ಪೊಟ್ಟಣದ ಹಿಂಭಾಗ ಓದಿ. ನಾನು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ಎಂಬತ್ತು–ಇಪ್ಪತ್ತು ಹೇಳಿ, ಕಣ್ಣೆದುರೇ ಪುಡಿ ಮಾಡಿಸುತ್ತೇನೆ. ಬಿಲ್ಲೆಯನ್ನು ಗಟ್ಟಿಯಾಗಿ ಒತ್ತಬಾರದು, ಪುಡಿಯ ಮೇಲೆ ಸುಮ್ನೆ ಕೂರಿಸಿದರೆ ಸಾಕು.

ಸ್ಟೀಲ್ ಫಿಲ್ಟರ್‌ನಲ್ಲೇ ತೃಪ್ತಿಪಟ್ಟಿದ್ದರೆ ಚೆನ್ನಾಗಿತ್ತು. ನೋಡಲು ಚಂದ ಅಂತ ಹಿತ್ತಾಳೆಯದು ತಂದೆ. ಒಳಗೆ ಕಲಾಯಿ ಹಾಕಿಸಿಕೊಟ್ಟಿದ್ದರು. ಮೂರು ತಿಂಗಳಾದ ಮೇಲೆ ತೂತು ಕಟ್ಟಿಕೊಂಡಿತು. ಸ್ಟೀಲಿನದಕ್ಕೆ ಹೀಗಾದಾಗ ಖಾಲಿ ಪಾತ್ರೆಯನ್ನು ಗ್ಯಾಸ್ ಉರಿಯ ಮೇಲೆ ಹಿಡಿದು ಕಟ್ಟಿದ ಪುಡಿಯನ್ನು ಸುಡುವುದು ನಮ್ಮ ಅತ್ತೆಯ ಉಪಾಯ. ಹಿತ್ತಾಳೆಯದಕ್ಕೂ ಅದನ್ನೇ ಮಾಡಿದೆ. ಅರ್ಧ ನಿಮಿಷದಲ್ಲಿ ಒಳಗಿನ ಬಿಳಿ ಬಣ್ಣ ಕರಗಿ ಮಣಿಮಣಿಯಾಗಿ ತಳಕ್ಕೆ ಇಳಿಯಿತು. ಅರ್ಧಕ್ಕರ್ಧ ತೂತುಗಳನ್ನೂ ಮುಚ್ಚಿತು. ಪಾತ್ರೆ ಅಂಗಡಿಯ ಹಿರಿಯರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಕಲಾಯಿ ಅಂದ್ರೆ ತವರ ಅಲ್ವೇನಮ್ಮ, ಬರೀ ಪಾತ್ರೆ ಯಾರಾದರೂ ಉರಿಗೆ ಹಿಡಿತಾರಾ?" ಅಂದರು.

ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಗ್ಯಾಸ್ ಉರಿಯ ಶಾಖ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ಒಳಗೆ ನೀರಿದ್ದರೆ ಪಾತ್ರೆ ನೂರರ ಆಸುಪಾಸಿನಲ್ಲೇ ಇರುತ್ತದೆ, ಖಾಲಿಯಿದ್ದರೆ ತಡೆಯುವವರಿಲ್ಲ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಕಾಫಿಯಂಥ ಸ್ವಲ್ಪ ಹುಳಿ ಗುಣದ ಪದಾರ್ಥ ನಿಂತರೆ ತಾಮ್ರದ ಅಂಶ ಬಿಡುತ್ತದೆ. ಹಾಗಾಗಿ ಹಿತ್ತಾಳೆ ತರುವವರು ಮೊದಲು ಮನೆ ಹತ್ತಿರ ಕಲಾಯಿ ಹಾಕುವವರು ಇದ್ದಾರಾ ಎಂದು ವಿಚಾರಿಸಿ. ಒಂದು ಸಲ ಹಾಕಿಸಿದರೆ ಮುಗಿಯುವುದಿಲ್ಲ, ಸವೆದ ಹಾಗೆಲ್ಲ ಮತ್ತೆ ಹಾಕಿಸಬೇಕು. ಕಬ್ಬಿಣದ ನಾರಿನಲ್ಲಿ ಉಜ್ಜಲೂಬಾರದು.

ಬೆಳಿಗ್ಗೆಗೆ ಕಾಫಿ ಆಯಿತು. ಸಂಜೆ ಲ್ಯಾಪ್‌ಟಾಪ್ ಮುಚ್ಚಲು ಏನಾದರೂ ಬೇಕಿತ್ತು. ಮೊದಲು ತಂದದ್ದು ಬ್ಯಾಟರಿಯ ದೀಪ. ಅದು ರಾತ್ರಿ ಮಲಗುವಾಗಲೂ ಮಿಣಮಿಣ ಅನ್ನುತ್ತಲೇ ಇರುತ್ತಿತ್ತು, ನೆನಪಿಟ್ಟು ಆಫ್ ಮಾಡುವುದೇ ಇನ್ನೊಂದು ಕೆಲಸ. ಆಮೇಲೆ ತೂಕದ ಲೆಕ್ಕದಲ್ಲಿ ಒಂದು ಹಿತ್ತಾಳೆ ದೀಪ ತಂದೆ. ಕೆತ್ತನೆ ಇಲ್ಲದ್ದನ್ನೇ ಹುಡುಕಿದೆ. ನವಿಲು, ಬಳ್ಳಿ ಇದ್ದಷ್ಟೂ ಎಣ್ಣೆಜಿಡ್ಡು ಸಂದಿಯಲ್ಲಿ ಕೂರುತ್ತದೆ. ಪಾದ ಅಗಲವಾಗಿ ಭಾರವಾಗಿರಬೇಕು, ಸೆರಗು ತಾಗಿದರೂ ಉರುಳಬಾರದು. ಗುರುವಾರ ರಾತ್ರಿ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ತಕ್ಷಣ ಒರೆಸುತ್ತೇನೆ, ನೀರು ಹಾಗೇ ಒಣಗಿದರೆ ಕಲೆ ಉಳಿಯುತ್ತದೆ.

ಒಂದು ಚಮಚ ಎಳ್ಳೆಣ್ಣೆ, ಒಂದು ತೆಳು ಬತ್ತಿ. ನನ್ನ ದೀಪದಲ್ಲಿ ಅದು ಒಂದು ಗಂಟೆಯ ಹತ್ತಿರ ಬರುತ್ತದೆ. ಅಷ್ಟು ಹೊತ್ತು ಫೋನು ಫ್ರಿಜ್ಜಿನ ಮೇಲೆ. ಎಣ್ಣೆ ತಾನಾಗಿ ಮುಗಿಯಲಿ ಅನ್ನುವುದು ನನ್ನ ಲೆಕ್ಕವಾಗಿತ್ತು. ಅವ್ವ ಒಪ್ಪಲಿಲ್ಲ. "ಬತ್ತಿ ಕರಕ ಆಗಬಾರದವಾ, ಎಣ್ಣಿ ಇರೂದ್ರಾಗ ಶಾಂತ ಮಾಡು" ಅಂದಳು. ನಮ್ಮ ಮನೆಯಲ್ಲಿ ದೀಪ ಆರಿಸು ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತಾರೆ. ಹಾಗಾಗಿ ಈಗ ಜ್ವಾಲೆ ಸಣ್ಣಗಾಗುವುದನ್ನು ಆಗಾಗ ನೋಡುತ್ತಿರಬೇಕು, ಕೊನೆಗೆ ಒಂದು ಹೂವಿನಿಂದ ಬತ್ತಿಯನ್ನು ಮೆಲ್ಲಗೆ ಎಣ್ಣೆಗೆ ಒತ್ತಬೇಕು. ನನ್ನ ನಿಯಮ ಸ್ವಲ್ಪ ಮುರಿಯಿತು, ಆದರೆ ಹೀಗೇ ಚೆನ್ನಾಗಿದೆ. ಒಂದೇ ತೊಂದರೆ, ದೀಪ ಇರುವಾಗ ಫ್ಯಾನ್ ಹಾಕುವಂತಿಲ್ಲ. ಏಪ್ರಿಲ್ ತಿಂಗಳಲ್ಲಿ ಮನೆಯವರು ಮುಖ ನೋಡುತ್ತಾರೆ.

ಊದಿನಕಡ್ಡಿ ನನ್ನ ಮೂರು ಮಾತಿಗೂ ಹೊಂದುತ್ತದೆ, ಅರ್ಧ ಗಂಟೆಗೆ ತಾನೇ ಮುಗಿಯುತ್ತದೆ. ಮೈಸೂರಿನ ಕಡ್ಡಿಯ ಪರಿಮಳ ನನಗೆ ಇಷ್ಟ ಕೂಡ. ಆದರೆ ಅತ್ತೆಗೆ ಉಬ್ಬಸ. "ಹೊಗೆ ತಡ್ಕೊಳೋಕಾಗಲ್ಲ ಕಣಮ್ಮ" ಅಂದರು. ಬಿಟ್ಟೆ. ಬದಲಿಗೆ ಗ್ರಂಥಿಗೆ ಅಂಗಡಿಯಿಂದ ಲಾವಂಚದ ಬೇರು ತಂದು, ತೊಳೆದು, ಕಟ್ಟು ಮಾಡಿ ಕುಡಿಯುವ ನೀರಿನ ಮಡಕೆಗೆ ಹಾಕಿದೆ. ಹೊಸ ಮಡಕೆಯನ್ನು ಒಂದು ದಿನ ನೀರು ತುಂಬಿಸಿಟ್ಟು ಆ ನೀರು ಚೆಲ್ಲಿದ ಮೇಲೆ ಬಳಸಿ. ಒಳಗೂ ಹೊರಗೂ ಬಣ್ಣ ಬಳಿದ ಮಡಕೆ ತರಬೇಡಿ. ನೀರು ಜಿನುಗಿ ಆರಿದರೆ ತಾನೆ ತಂಪು? ಮಳೆಗಾಲದಲ್ಲಿ ಗಾಳಿಯಲ್ಲೇ ತೇವ, ಆಗ ಮಡಕೆಯೂ ಕೈಚೆಲ್ಲುತ್ತದೆ.

ಕೀಲಿ ಕೊಡುವ ಗಡಿಯಾರವನ್ನೂ ತಂದಿದ್ದೆ. ಅದರ ಟಿಕ್ ಟಿಕ್‌ಗೆ ಎರಡನೇ ರಾತ್ರಿಯೇ ಬೀರುವಿನೊಳಗೆ ಸೇರಿತು.

ಕೂರುವುದಕ್ಕೆ ಯೋಗ ಮ್ಯಾಟು ಇತ್ತಲ್ಲ, ಅದರ ವಾಸನೆ ಆರು ತಿಂಗಳಾದರೂ ಹೋಗಲಿಲ್ಲ. ಅವ್ವ ಮುಂದಿನ ಸಲ ಬರುವಾಗ ಬಸ್ಸಿನಲ್ಲಿ ಒಂದು ಕೌದಿ ಹೊತ್ತು ತಂದಳು. ಅಜ್ಜಿಯ ಇಳಕಲ್ ಸೀರೆಯ ಗೋಮಿ ದಡಿ, ಅಪ್ಪನ ಧೋತರ, ನನ್ನ ಶಾಲೆಯ ನೀಲಿ ಸ್ಕರ್ಟಿನ ತುಂಡು, ಎಲ್ಲ ಪದರ ಪದರವಾಗಿ ಕೂತಿವೆ. ಕೌದಿಯನ್ನು ದುಡ್ಡು ಕೊಟ್ಟು ತರುವವರು ಹೊಲಿಗೆ ನೋಡಿ. ಕೈ ಹೊಲಿಗೆಯಾದರೆ ಟಾಕು ಟಾಕಿನ ನಡುವೆ ಸ್ವಲ್ಪ ಜಾಗ ಬಿಟ್ಟಿರುತ್ತದೆ, ಸಾಲು ಅಲ್ಲಲ್ಲಿ ಸೊಟ್ಟಗಿರುತ್ತದೆ. ಬಟ್ಟೆ ಹತ್ತಿಯದೇ ಇರಲಿ. ನೈಲಾನ್ ಸೀರೆ ಸೇರಿಸಿ ಹೊಲಿದದ್ದು ಟೈಲ್ಸ್ ಮೇಲೆ ಜಾರುತ್ತದೆ, ಬೆವರೂ ಹೀರುವುದಿಲ್ಲ. ತೊಳೆಯುವುದು ಮಾತ್ರ ದೊಡ್ಡ ಕಥೆ. ನಮ್ಮ ವಾಷಿಂಗ್ ಮಷೀನಿಗೆ ಅದು ಹಿಡಿಯುವುದಿಲ್ಲ. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಟೆರೇಸಿನ ಮೇಲೆ ತುಳಿದು ತೊಳೆದು, ಆ ತುದಿ ಮನೆಯವರು, ಈ ತುದಿ ನಾನು ಹಿಡಿದು ಹಿಂಡುತ್ತೇವೆ. ಒಣಗಲು ಎರಡು ದಿನ ಬೇಕು.

ಕೌದಿ ನನ್ನ ಮೂರು ಮಾತಿನಲ್ಲಿ ಒಂದಕ್ಕೂ ಸರಿಹೋಗುವುದಿಲ್ಲ. ಅದು ಕಾಯಿಸುವುದಿಲ್ಲ, ಮುಗಿಯುವುದೂ ಇಲ್ಲ. ಆದರೆ ಕಾಫಿ ಲೋಟ ಹಿಡಿದು ಅದರ ಮೇಲೆ ಕೂತರೆ ಇನ್ನೊಂದು ಕೈಯ ಬೆರಳು ತಾನಾಗಿ ಟಾಕಿನ ಸಾಲು ಹಿಡಿದು ಹೋಗುತ್ತದೆ. ಒಂದು ಕಡೆ ಹೊಲಿಗೆ ತಪ್ಪಿ ಗಂಟು ಬಿದ್ದಿದೆ. ಅಲ್ಲಿ ನಿನಗೇನಾಗಿತ್ತು ಎಂದು ಅವ್ವನನ್ನು ಕೇಳಿದ್ದೆ. "ನೀ ಅಳಾಕತ್ತಿದ್ದಿ, ಎದ್ದು ಬಂದೆ" ಅಂದಳು.

ಬುದ್ಧನ ಪಂಪು ಕೊನೆಗೆ ಸುಟ್ಟುಹೋಯಿತು. ಬಾಲ್ಕನಿಯಲ್ಲಿಟ್ಟು ತೊಟ್ಟಿಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದೇನೆ, ತಲೆಯ ಸುತ್ತ ಸೊಂಪಾಗಿ ಬಂದಿದೆ. ಹಿತ್ತಾಳೆ ಫಿಲ್ಟರ್ ಇನ್ನೂ ಬಟ್ಟೆಚೀಲದಲ್ಲೇ ಇದೆ. ಪಾತ್ರೆ ಅಂಗಡಿಯವರು ಹೇಳಿದ ಕಲಾಯಿಯವರ ಹತ್ತಿರ ಎರಡು ಸಲ ಹೋದೆ, ಎರಡು ಸಲವೂ ಬಾಗಿಲು ಹಾಕಿತ್ತು. ಕಾಯುತ್ತಿದ್ದೇನೆ. ಕಾಫಿ ಸ್ಟೀಲಿನದರಲ್ಲೇ ಇಳಿಯುತ್ತಿದೆ.