ಕೇರೆ ಹಾವಿನ ಮೊಟ್ಟೆಗೆ ನಾನು ಕತ್ತರಿ ಹಾಕಿದ್ದು ಯಾವಾಗ

ಜೂನ್ ಮೊದಲ ವಾರ. ಕಲಬುರಗಿ ಹೊರಗೆ ಪಾಯ ತೋಡುವಾಗ ಜೆಸಿಬಿಯವರು ಶಹಾಬಾದ್ ಕಲ್ಲಿನ ರಾಶಿ ಸರಿಸಿದ್ದರು. "ಅಣ್ಣಾ, ಹಾವಿನ ತತ್ತಿ ಅವ, ಲಗೂ ಬರ್ರಿ" ಅಂತ ಫೋನ್ ಬಂತು. ಹೋದಾಗ ತಾಯಿ ಕೇರೆ ಇನ್ನೂ ಕಲ್ಲಿನ ಸಂದಿಯಲ್ಲಿತ್ತು. ನಮ್ಮನ್ನು ಕಂಡು ತೊಗರಿ ಹೊಲದ ಕಡೆ ಓಡಿತು.

ಹದಿಮೂರು ಮೊಟ್ಟೆ. ಅಲ್ಲೇ ಬಿಟ್ಟರೆ ಉಳಿಯುತ್ತಿರಲಿಲ್ಲ. ಅರಣ್ಯ ಇಲಾಖೆಯವರಿಗೆ ತಿಳಿಸಿ, ಒಪ್ಪಿಗೆ ಪಡೆದೇ ತಂದೆ. ಎತ್ತುವ ಮೊದಲು ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದೆ. ಹಾವಿನ ಮೊಟ್ಟೆಯನ್ನು ಕೋಳಿ ಮೊಟ್ಟೆಯಂತೆ ಹೊರಳಿಸಬಾರದು, ಒಳಗಿನ ಮರಿ ಸಾಯಬಹುದು. ನಾಲ್ಕು ಮೊಟ್ಟೆ ಒಂದಕ್ಕೊಂದು ಅಂಟಿದ್ದವು, ಹಾಗೇ ಇಟ್ಟೆ.

ಡಬ್ಬಿಗೆ ಒದ್ದೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಾಕಿದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಅಷ್ಟೇ ತೇವ. ಎಲ್ಲರೂ ಮೊಟ್ಟೆಗೆ ಕಾವು ಕೊಡುವುದು ಹೇಗೆ ಅಂತ ಹೇಳುತ್ತಾರೆ. ನಮ್ಮ ಕಡೆ ಬಿಸಿಲು ತಡೆಯುವುದೇ ದೊಡ್ಡ ಕೆಲಸ ಅಲ್ವಾ? ನನಗೆ ಬೇಕಿದ್ದದ್ದು 28ರಿಂದ 30 ಡಿಗ್ರಿ. ಹೊರಗೆ 40ರ ಹತ್ತಿರ. ಡಬ್ಬಿಯನ್ನು ಒಳಕೋಣೆಯ ಪರ್ಸಿ (ಕಲ್ಲುಚಪ್ಪಡಿ) ನೆಲದ ಮೇಲಿಟ್ಟು, ಸುತ್ತ ಒದ್ದೆ ಗೋಣಿಚೀಲ ಹಾಕಿದೆ. ಕರೆಂಟ್ ಹೋದ ಮಧ್ಯಾಹ್ನಗಳಲ್ಲಿ ಥರ್ಮಾಮೀಟರ್ ಬಿಟ್ಟು ಏಳಲಿಲ್ಲ. ಮಳೆ ಹಿಡಿದ ಮೇಲೆ ನೆಮ್ಮದಿ.

ಕತ್ತಲಲ್ಲಿ ಟಾರ್ಚ್ ಹಿಡಿದರೆ ಜೀವವಿರುವ ಮೊಟ್ಟೆಯಲ್ಲಿ ಕೆಂಪು ನರಗಳು ಕಾಣುತ್ತವೆ. ಒಂದರಲ್ಲಿ ಬರೀ ಹಳದಿ. ಅದನ್ನು ತೆಗೆದೆ.

ಐವತ್ತೆರಡನೇ ದಿನ ಮೊಟ್ಟೆಗಳು ಅಲ್ಲಲ್ಲಿ ತಗ್ಗಿದವು. ಶುರುವಿನಲ್ಲಿ ಹೀಗಾದರೆ ತೇವ ಸಾಲದು ಅಂತ ಅರ್ಥ. ಕೊನೆಯ ದಿನಗಳಲ್ಲಿ ಅದು ಸಹಜ. ಐವತ್ತೆಂಟನೇ ದಿನ ಮೊದಲ ಸೀಳು ಕಂಡಿತು. ಮರಿಯ ಮೂತಿಯ ತುದಿಯಲ್ಲಿ ಒಂದು ಪುಟ್ಟ ಹಲ್ಲಿರುತ್ತದೆ, ಸಿಪ್ಪೆ ಸೀಳಲಿಕ್ಕೆಂದೇ. ಸೀಳಿದ ಮೇಲೂ ಮರಿ ತಲೆ ಹೊರಗಿಟ್ಟು ಉಸಿರಾಡುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಒಂದೆರಡು ದಿನ ಹೀಗೇ. ಆ ಹೊತ್ತಿನಲ್ಲಿ ಉಳಿದ ಹಳದಿ ಭಾಗ ಹೊಟ್ಟೆ ಸೇರುತ್ತಿರುತ್ತದೆ.

ಹಿಂದೊಮ್ಮೆ ಇದು ಗೊತ್ತಿಲ್ಲದೆ, ಪಾಪ ಸಿಕ್ಕಿಕೊಂಡಿದೆ ಅಂತ ಒಂದು ಮರಿಯನ್ನು ಎಳೆದು ತೆಗೆದಿದ್ದೆ. ಹೊಟ್ಟೆಯ ಕೆಳಗೆ ಹಳದಿ ಚೀಲ ಜೋತಾಡುತ್ತಿತ್ತು, ರಕ್ತ ಬಂತು. ಬೆಳಿಗ್ಗೆಗೆ ಅದು ಇರಲಿಲ್ಲ. ಇವತ್ತಿಗೂ ಕಣ್ಣಮುಂದಿದೆ.

ಅದಕ್ಕೇ ಈ ಸಲ ಕೈಕಟ್ಟಿ ಕೂತೆ. ಹತ್ತು ಮೊಟ್ಟೆ ಸೀಳಿದವು. ಆಮೇಲೂ ಪೂರ್ತಿ ಒಂದೂವರೆ ದಿನ ಕಾದೆ. ಉಳಿದ ಎರಡಕ್ಕೆ ಟಾರ್ಚ್ ಹಿಡಿದೆ. ಒಂದರಲ್ಲಿ ಅಲುಗಾಟವಿತ್ತು. ನರವಿಲ್ಲದ ಜಾಗ ನೋಡಿ, ಮೇಲ್ಭಾಗದ ಸಿಪ್ಪೆಯನ್ನು ಚಿಟಿಕೆಯಲ್ಲಿ ಎತ್ತಿ, ಮೊಂಡು ತುದಿಯ ಕತ್ತರಿಯಿಂದ ಒಂದು ಸೆಂಟಿಮೀಟರಿನಷ್ಟು ಮಾತ್ರ ಸೀಳಿದೆ. ತಿಳಿನೀರು ಬಂತು, ರಕ್ತವಿಲ್ಲ. ಮರಿಯನ್ನು ಮುಟ್ಟಲಿಲ್ಲ, ಮುಚ್ಚಳ ಹಾಕಿ ಎದ್ದೆ. ಮರುದಿನ ಸಂಜೆ ತಾನಾಗಿಯೇ ಹೊರಬಂತು. ಇನ್ನೊಂದರಲ್ಲಿ ಬೆನ್ನು ಸೊಟ್ಟಗಾದ ಮರಿ ಮೊದಲೇ ಸತ್ತಿತ್ತು. ಮೊದಲೇ ಕತ್ತರಿಸಿದ್ದರೂ ಅದು ಉಳಿಯುತ್ತಿರಲಿಲ್ಲ.

ಹನ್ನೊಂದು ಮರಿ. ಒಂದೊಂದೂ ಅಡಿಗಿಂತ ಉದ್ದ. ಮೊದಲ ಪೊರೆ ಬಿಟ್ಟ ಮೇಲೆ ಇಲಾಖೆಯವರ ಜೊತೆ ಹೋಗಿ ಅದೇ ತೊಗರಿ ಹೊಲದ ಬದುವಿನಲ್ಲಿ ಬಿಟ್ಟೆವು. ಹೊಲದವರು ನೋಡುತ್ತಾ ನಿಂತಿದ್ದರು. "ಇಲಿ ಭಾಳ ಆಗ್ಯಾವ್ರಿ, ಇನ್ನೂ ಇದ್ರ ಬಿಡ್ರಿ" ಅಂದರು.